ಮಳೆಗಾಲದ ಯಕ್ಷಗಾನ ತರಗತಿಗೆ ಚೆಂಡೆ, ಮದ್ದಳೆ, ಮಣಿಸಾಮಾನು: ಕಲಾಬಂಧುಗಳಲ್ಲಿ ದೇಣಿಗೆಯ ಮನವಿ

ಮಾನ್ಯ ಕಲಾಬಂಧುಗಳೇ,

ಸಾದರ ವಂದನೆಗಳು. ಮಂಗಳೂರಿನ ರಥಬೀದಿಯಿಂದ ಕೂಗಳತೆಯ ದೂರದಲ್ಲಿರುವ ಹಳೆಯ ಮನೆಯೊಂದರ ಚಾವಡಿಯಲ್ಲಿ ನಮ್ಮ ಟ್ರಸ್ಟ್ ನಡೆಸಿಕೊಂಡು ಬರುತ್ತಿರುವ ತೆಂಕುತಿಟ್ಟು (ತೆಂಕಣ ಶೈಲಿಯ) ಯಕ್ಷಗಾನ ತರಗತಿಯ ಬಗ್ಗೆ ತಮ್ಮಲ್ಲಿ ಹಲವರಿಗೆ ತಿಳಿದಿದೆ. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕೈಹಿಡಿದು ಕರೆತಂದು ಬಿಟ್ಟುಹೋಗುವವರೂ ತಮ್ಮಲ್ಲಿದ್ದೀರಿ. ಈ ತರಗತಿಗೆ ಸ್ವಂತದ ಹಿಮ್ಮೇಳ ವಾದ್ಯಗಳು, ಮಕ್ಕಳ ಅಳತೆಗೆ ಒಪ್ಪುವ ವೇಷಭೂಷಣಗಳು ಮತ್ತು ಅವೆರಡನ್ನೂ ತೇವದಿಂದ ಕಾಪಾಡುವ ಒಂದು ಕೋಣೆ ಬೇಕಾಗಿವೆ. ಇವುಗಳಿಗಾಗಿ ತಮ್ಮ ಮುಂದೆ ಕೈಚಾಚುತ್ತಿದ್ದೇವೆ.

ಯಕ್ಷಗಾನ ಕಲಿಸುವ ಕಾಲವನ್ನು ನಾವು ಆರಿಸಿಕೊಳ್ಳುವಂತಿಲ್ಲ. ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟರೆ, ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನದ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಕಲಾವಿದರಿಗೆ ರಾತ್ರಿ ಬಿಡುವಿರುವುದಿಲ್ಲ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆ, ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳಗಳ ನಡುವೆ ಉಳಿಯುವ ದಿನಗಳಲ್ಲಿ ಮಾತ್ರ ಅನುಭವಸ್ಥ ಗುರುಗಳು ಮಕ್ಕಳಿಗೆ ಸಿಗುತ್ತಾರೆ. ಹೀಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳೇ ನಮ್ಮ ತರಗತಿಯ ಸುಗ್ಗಿ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಅದರ ಬಹುಪಾಲು ಸುರಿಯುವುದೂ ಅದೇ ತಿಂಗಳುಗಳಲ್ಲಿ. ಗುರುಗಳಿಗೆ ಬಿಡುವಾದಾಗ ಮದ್ದಳೆಯ ಚರ್ಮ ಸಡಿಲವಾಗುತ್ತದೆ. ಚರ್ಮ ಬಿಗಿಯಾಗಿ ನಿಲ್ಲುವ ಬೇಸಗೆಯಲ್ಲಿ ಗುರುಗಳು ದೂರದ ಯಾವುದೋ ಗದ್ದೆಯ ರಂಗಸ್ಥಳದಲ್ಲಿರುತ್ತಾರೆ.

ಕಳೆದ ಜುಲೈ ತಿಂಗಳ ಒಂದು ಸಂಜೆಯನ್ನು ಇಲ್ಲಿ ಹೇಳಬೇಕು. ಎರವಲು ತಂದಿದ್ದ ಒಂದೇ ಮದ್ದಳೆಯ ಮುಚ್ಚಿಗೆ (ಬಾಯಿಗೆ ಬಿಗಿದ ಚರ್ಮ) ಮಧ್ಯಾಹ್ನದ ಮಳೆಗೆ ಎಷ್ಟು ಇಳಿದುಹೋಗಿತ್ತೆಂದರೆ, ಗುರುಗಳು ಅದನ್ನು ಬಲ್ಬಿನ ಶಾಖಕ್ಕೆ ಹಿಡಿದು, ಅಂಚನ್ನು ಸುತ್ತಿಗೆಯಿಂದ ತಟ್ಟಿ, ಬಾರುಗಳನ್ನು ಮತ್ತೆ ಮತ್ತೆ ಬಿಗಿದು ಪದ್ಯ ಹಾಡುವ ಭಾಗವತರ ಶ್ರುತಿಗೆ ಕೂಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಅಷ್ಟು ಹೊತ್ತೂ ಸೊಂಟಕ್ಕೆ ಶಾಲು ಬಿಗಿದುಕೊಂಡ ಮಕ್ಕಳು ಗೋಡೆಗೊರಗಿ ಸಾಲಾಗಿ ಕುಳಿತು, ತಾಳದ ಸೊಲ್ಲುಗಳ ಬಾಯಿತಾಳ ಹೇಳಿಕೊಂಡು ತೊಡೆಯ ಮೇಲೆ ಏಕತಾಳ, ತ್ರಿವುಡೆ ತಟ್ಟುತ್ತಿದ್ದರು. ಮದ್ದಳೆ ಶ್ರುತಿಗೆ ಬಂದು ನಾಲ್ಕು ಪದ್ಯಗಳಿಗೆ ಕುಣಿಯುವುದರೊಳಗೆ ಮತ್ತೆ ಇಳಿಯಿತು. ಅಂದಿನ ತರಗತಿ ಅಲ್ಲಿಗೇ ಮುಗಿಯಿತು.

ಮೊಬೈಲಿನಲ್ಲಿ ಪದ್ಯಗಳನ್ನು ಹಾಕಿ ಕುಣಿಸಬಹುದಲ್ಲ ಎಂದು ಹಿತೈಷಿಗಳು ಸೂಚಿಸಿದ್ದಾರೆ. ಅವರ ಕಾಳಜಿಗೆ ನಾವು ಋಣಿಗಳು. ಆದರೆ ಆ ದಾರಿಯನ್ನು ನಾವು ಒಪ್ಪಿಲ್ಲ. ಯಕ್ಷಗಾನದಲ್ಲಿ ಭಾಗವತನೇ ಒಂದನೆಯ ವೇಷಧಾರಿ ಎಂಬ ಮಾತಿದೆ. ಕುಣಿಯುವವನ ಉಸಿರು, ಹೆಜ್ಜೆ, ಮುಖ ನೋಡಿಕೊಂಡೇ ಆತ ಪದ್ಯವನ್ನು ಎತ್ತುತ್ತಾನೆ, ತಡೆಯುತ್ತಾನೆ, ಏರುಪದ್ಯಕ್ಕೆ ಒಯ್ಯುತ್ತಾನೆ. ಧ್ವನಿಮುದ್ರಣಕ್ಕೆ ಕಣ್ಣಿಲ್ಲ. 2023ರಲ್ಲಿ ನಮ್ಮನ್ನಗಲಿದ ಬಲಿಪ ನಾರಾಯಣ ಭಾಗವತರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಕಂಠದಲ್ಲೇ ಇಟ್ಟುಕೊಂಡು ರಂಗವನ್ನು ನಡೆಸಿದವರು; ಅವರ ಪದ್ಯ ಕೇಳಿ ಬೆಳೆದ ಊರಿನಲ್ಲಿ ಮಕ್ಕಳು ಯಂತ್ರಕ್ಕೆ ಹೆಜ್ಜೆ ಹಾಕುವುದು ನಮಗೆ ಸರಿಕಾಣುವುದಿಲ್ಲ. ಮೇಲಾಗಿ, ಈಗ ಕುಣಿತ ಕಲಿಯುತ್ತಿರುವ ಮಕ್ಕಳಲ್ಲೇ ಕೆಲವರಿಗೆ ಚೆಂಡೆಯ ಮೇಲೆ ಕೈಯಾಡಿಸುವ ಆಸೆಯಿದೆ. ಎರವಲಿನ ವಾದ್ಯವನ್ನು ಕಲಿಯುವ ಕೈಗೆ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ.

ವೇಷಭೂಷಣಗಳ ವಿಚಾರ ಇದಕ್ಕಿಂತ ತುಸು ಕಷ್ಟದ್ದು. ಕಿರೀಟ, ಭುಜಕೀರ್ತಿ, ಕರ್ಣಪತ್ರ, ಎದೆಕಟ್ಟು, ತೋಳ್ಕಟ್ಟು, ವೀರಗಸೆ, ಡಾಬು ಮುಂತಾದ ಮಣಿಸಾಮಾನುಗಳಲ್ಲಿ ಮರದವನ್ನು ಹಗುರ ಮರದಲ್ಲಿ ಕೊರೆದು, ಬೇಗಡೆ (ಹೊಳೆಯುವ ತೆಳು ತಗಡು) ಅಂಟಿಸಿ, ಕನ್ನಡಿ ಚೂರುಗಳನ್ನು ಕೂರಿಸಿ ಸಿದ್ಧಪಡಿಸುತ್ತಾರೆ. ಬಾಡಿಗೆಗೆ ಸಿಗುವ ವೇಷಗಳೆಲ್ಲ ದೊಡ್ಡವರ ಅಳತೆಯವು. ಕಳೆದ ಬಾರಿಯ ಪ್ರದರ್ಶನದಲ್ಲಿ ಅಭಿಮನ್ಯುವಿನ ವೇಷ ಮಾಡಿದ ಹತ್ತು ವರ್ಷದ ಹುಡುಗಿಗೆ ಕಿರೀಟ ನಿಲ್ಲಲೆಂದು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಒಳಗೆ ಎರಡು ಬೈರಾಸು (ಟವೆಲು) ತುರುಕಿ ಕಟ್ಟಿದ್ದೆವು. ಪದ್ಯ ಏರಿ ಆಕೆ ಧೀಂಗಿಣ (ಗಿರಕಿ ಕುಣಿತ) ಹಾಕತೊಡಗಿದಾಗ ಮೂರನೆಯ ಸುತ್ತಿಗೇ ಕಿರೀಟ ಎಡಕ್ಕೆ ವಾಲಿತು. ಬಿಲ್ಲು ಹಿಡಿಯಬೇಕಾದ ಕೈಯಲ್ಲಿ ಕಿರೀಟ ಹಿಡಿದುಕೊಂಡು, ತಾಳ ತಪ್ಪದೆ, ಆ ಮಗು ಪದ್ಯ ಮುಗಿಸಿತು. ಸಭೆ ಚಪ್ಪಾಳೆ ತಟ್ಟಿತು. ಚೌಕಿಗೆ ಬಂದವಳು ಮಾತ್ರ ಬಣ್ಣ ತೆಗೆಸಿಕೊಳ್ಳಲೂ ಒಪ್ಪದೆ ಬಹಳ ಹೊತ್ತು ಅತ್ತಳು. ಅವಳು ಕಲಿತದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ನಮ್ಮದಾಗಿತ್ತು.

ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಕೊಂಕಣಿ, ಬ್ಯಾರಿ ಮಾತನಾಡುವ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಬಂದರಿನಲ್ಲಿ ದುಡಿಯುವವರ ಮಕ್ಕಳೂ ವೈದ್ಯರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಇವರಲ್ಲಿ ಬಹುತೇಕರು ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರಾದ್ದರಿಂದ, ಒಂದೂ ಇಂಗ್ಲಿಷ್ ಪದ ನುಸುಳದಂತೆ ಅರ್ಥ ಹೇಳುವ (ಪಾತ್ರದ ಮಾತು ಆಡುವ) ಯಕ್ಷಗಾನದ ಶಿಸ್ತು ಅವರ ಕನ್ನಡಕ್ಕೆ ಯಾವ ಪಠ್ಯಪುಸ್ತಕವೂ ಕೊಡದ ಬಲ ಕೊಡುತ್ತಿದೆ. ಕಳೆದ ವರ್ಷ ಬಂದಾಗ ‘ರಥ’ ಎಂಬ ಪದಕ್ಕೇ ತಡವರಿಸುತ್ತಿದ್ದ ಹುಡುಗನೊಬ್ಬ ಈಗ ದ್ರೋಣನೊಂದಿಗೆ ವಾದಕ್ಕೆ ನಿಲ್ಲುತ್ತಾನೆ. ಇದು ಉಚಿತ ತರಗತಿ. ಶುಲ್ಕ ನಿಗದಿ ಮಾಡಿದರೆ ಮೊದಲು ಬಿಟ್ಟುಹೋಗುವವರು ಯಾರೆಂಬುದು ನಮಗೆ ಗೊತ್ತಿರುವುದರಿಂದ ಅದನ್ನು ಉಚಿತವಾಗಿಯೇ ಮುಂದುವರಿಸುವ ತೀರ್ಮಾನ ನಮ್ಮದು. ಗುರುಗಳ ಗೌರವಧನವನ್ನು ಟ್ರಸ್ಟಿನ ಸದಸ್ಯರೇ ಹೇಗೋ ಹೊಂದಿಸುತ್ತಾ ಬಂದಿದ್ದೇವೆ.

ಎರಡು ಚೆಂಡೆ, ಎರಡು ಮದ್ದಳೆ, ಚಕ್ರತಾಳ, ಜಾಗಟೆ ಇವು ಮೊದಲ ಅಗತ್ಯ. ಎರಡು ರಾಜವೇಷ, ಅಭಿಮನ್ಯುವಿನಂಥ ತರುಣ ವೀರರ ಮೂರು ಪುಂಡುವೇಷ, ಎರಡು ಸ್ತ್ರೀವೇಷ ಹಾಗೂ ಕೇಸರಿ ತಟ್ಟಿ ಎಂಬ ದೊಡ್ಡ ಕಿರೀಟದೊಂದಿಗೆ ರಾಕ್ಷಸ ಪಾತ್ರದ ಒಂದು ಬಣ್ಣದ ವೇಷ, ಹೀಗೆ ಎಂಟು ಮಕ್ಕಳಿಗೆ ಸಾಲುವಷ್ಟು ವೇಷಭೂಷಣಗಳನ್ನು ಮಾಡಿಸಬೇಕಾಗಿದೆ. ಅಗ್ಗದ ಬದಲಿ ವಸ್ತುಗಳಲ್ಲಿ ಮಾಡಿಸಿದರೆ ಖರ್ಚು ಇಳಿಯುತ್ತದೆ ನಿಜ, ಆದರೆ ಮರ ಮತ್ತು ಬೇಗಡೆಯ ಹಳೆಯ ಕ್ರಮದಲ್ಲೇ ಮಾಡಿಸಲು ನಿರ್ಧರಿಸಿದ್ದೇವೆ. ಹಾಗೆ ಮಾಡಿದರೆ ಆ ಕಸುಬಿನವರ ಕೈಗೂ ಕೆಲಸ ಸಿಗುತ್ತದೆ, ಮುರಿದರೆ ರಿಪೇರಿಯೂ ಇಲ್ಲೇ ಆಗುತ್ತದೆ. ಚಾವಡಿಗೆ ತಾಗಿರುವ ಉಗ್ರಾಣದ ಮಾಡನ್ನು ಸರಿಪಡಿಸಿ, ಒಳಗೆ ನೆಲದಿಂದ ಎತ್ತರದಲ್ಲಿ ಮರದ ಹಲಗೆಗಳನ್ನು ಕೂರಿಸಿ, ತೇವ ಹೀರುವ ಯಂತ್ರವೊಂದನ್ನು ಇಡುವುದು ಕೊನೆಯ ಕೆಲಸ. ಹಿಂದೆ ಇಂಥ ವಸ್ತುಗಳನ್ನು ಒಲೆಯ ಹೊಗೆ ತಾಗುವ ಅಟ್ಟದಲ್ಲಿಟ್ಟು ಬೆಚ್ಚಗೆ ಕಾಪಾಡುತ್ತಿದ್ದರು. ಈಗ ಒಲೆಯೂ ಇಲ್ಲ, ಅಟ್ಟವೂ ಇಲ್ಲ.

ಕಿರೀಟ, ಭುಜಕೀರ್ತಿ ಮಾಡಿಕೊಡಲು ಒಪ್ಪಿರುವ ಕುಶಲಕರ್ಮಿಯೂ ಮೇಳವೊಂದರ ನೇಪಥ್ಯದಲ್ಲಿ ದುಡಿಯುವವರೇ ಆಗಿರುವುದರಿಂದ ಅವರಿಗೂ ಬಿಡುವಿರುವುದು ಮಳೆಗಾಲದಲ್ಲಿ ಮಾತ್ರ. ಆಟಿ ತಿಂಗಳು (ಆಗಸ್ಟ್ ನಡುಭಾಗಕ್ಕೆ) ಮುಗಿಯುವುದರೊಳಗೆ ಮುಂಗಡ ಕೊಟ್ಟರೆ ದೀಪಾವಳಿಗೆ ಮೊದಲು ಕೆಲಸ ಮುಗಿಸಿಕೊಡುತ್ತೇನೆಂದಿದ್ದಾರೆ. ತಡವಾದರೆ ಇನ್ನೊಂದು ಪತ್ತನಾಜೆಯವರೆಗೆ ಕಾಯಬೇಕು. ಅಷ್ಟರಲ್ಲಿ ಈಗಿನ ಮಕ್ಕಳಲ್ಲಿ ಕೆಲವರು ಹತ್ತನೆಯ ತರಗತಿಯ ಓದಿಗೆಂದು ಯಕ್ಷಗಾನ ಬಿಟ್ಟಿರುತ್ತಾರೆ.

ಪ್ರತಿ ವಸ್ತುವಿನ ದರಪಟ್ಟಿಯನ್ನು ಚಾವಡಿಯ ಗೋಡೆಗೆ ತೂಗುಹಾಕಿದ್ದೇವೆ. ಒಂದು ಜೋಡಿ ಗೆಜ್ಜೆಯಿಂದ ಹಿಡಿದು ಒಂದು ಪೂರ್ಣ ರಾಜವೇಷದವರೆಗೆ ತಮ್ಮ ಶಕ್ತ್ಯನುಸಾರ ವಹಿಸಿಕೊಳ್ಳಬಹುದು. ನಾಲ್ಕೈದು ಮನೆಯವರು ಸೇರಿ ಒಂದು ಚೆಂಡೆ ಕೊಡಿಸಿದರೂ ಸಂತೋಷ. ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕ ಕೊಟ್ಟರೆ ಲೆಕ್ಕಕ್ಕೆ ಅನುಕೂಲ; ನಗದು ಕೊಡುವವರು ದಯವಿಟ್ಟು ರಶೀದಿ ಪಡೆಯದೆ ಹೋಗಬಾರದು. ಗಲ್ಫ್ ದೇಶಗಳಲ್ಲಿರುವ ನಮ್ಮೂರಿನವರು ಭಾರತದ ಪೌರರಾಗಿದ್ದರೆ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಬಹುದು. ವಿದೇಶಿ ಪೌರತ್ವ ಪಡೆದವರಿಂದ ದೇಣಿಗೆ ಸ್ವೀಕರಿಸಲು ಬೇಕಾದ ನೋಂದಣಿ ನಮ್ಮಲ್ಲಿಲ್ಲವಾದ್ದರಿಂದ ಅವರು ಮನ್ನಿಸಬೇಕು. ಹಣವೇ ಆಗಬೇಕೆಂದಿಲ್ಲ. ಸ್ತ್ರೀವೇಷಕ್ಕಾಗುವ ಜರಿಯಂಚಿನ ಹಳೆಯ ಸೀರೆ, ಮುಚ್ಚಳ ಭದ್ರವಾಗಿರುವ ಕಬ್ಬಿಣದ ಪೆಟ್ಟಿಗೆ, ಬಡಗಿ ಅಥವಾ ಇಲೆಕ್ಟ್ರಿಷಿಯನ್ ಆಗಿರುವವರ ಎರಡು ದಿನದ ದುಡಿಮೆ, ಎಲ್ಲವೂ ನಮಗೆ ದೇಣಿಗೆಯೇ.

ದಾನಿಗಳ ಹೆಸರನ್ನು ಚಾವಡಿಯ ಹಲಗೆಯಲ್ಲಿ ಬರೆಸುತ್ತೇವೆ. ಕಿರೀಟದ ಮೇಲಾಗಲಿ ಚೆಂಡೆಯ ಮೇಲಾಗಲಿ ಯಾರ ಹೆಸರನ್ನೂ ಬರೆಸುವುದಿಲ್ಲ ಎಂಬ ನಿರ್ಣಯವನ್ನು ತಾವು ಒಪ್ಪುವಿರೆಂದು ನಂಬಿದ್ದೇವೆ. ಬಂದ ಹಣದ ಮತ್ತು ಆದ ಖರ್ಚಿನ ವಿವರವನ್ನು ಮಕ್ಕಳ ಮುಂದಿನ ಪ್ರದರ್ಶನದ ದಿನ ಚೌಕಿಪೂಜೆಗೆ ಮೊದಲು ಸಭೆಯಲ್ಲಿ ಓದಿ ಹೇಳುತ್ತೇವೆ.

ತರಗತಿ ಪ್ರತಿ ಭಾನುವಾರ ಸಂಜೆ ನಾಲ್ಕು ಗಂಟೆಗೆ ಆರಂಭವಾಗುತ್ತದೆ. ದೇಣಿಗೆ ಕೊಡುವ ಮೊದಲು ಒಮ್ಮೆ ಬಂದು ಮಕ್ಕಳ ಕುಣಿತ ನೋಡಬೇಕಾಗಿ ವಿನಂತಿ. ಮಳೆ ಜೋರಾಗಿದ್ದರೆ ತುಸು ಬೇಗ ಬನ್ನಿ. ಮದ್ದಳೆಗೆ ಶಾಖ ಕೊಡುವ ಹೊತ್ತಿನಲ್ಲಿ ಮಕ್ಕಳು ಹೇಳುವ ಬಾಯಿತಾಳವನ್ನೂ ಕೇಳಬಹುದು.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸರ್ವ ಸದಸ್ಯರು
ಮಂಗಳೂರು