ನಮ್ಮ ವಯಸ್ಸಿನವರು ಆಕಾಶವಾಣಿ ಕೇಳುತ್ತೇವೆ, ಸ್ವಲ್ಪ ನಮ್ಮ ಕಡೆಗೂ ನೋಡಿ

ಮಾನ್ಯ ಸಂಪಾದಕರೇ,

ರೇಡಿಯೊ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ನೆನಪಿನ ಬರಹಗಳೇ. ಅಜ್ಜನ ಕಾಲದ ಸೆಟ್ಟು, ಊರಿನ ಕಟ್ಟೆ, ಕ್ರಿಕೆಟ್ ಕಾಮೆಂಟರಿ. ಓದಲು ನನಗೂ ಇಷ್ಟ. ಆದರೆ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಮಾತಿಗೆ, ಈಗಿನ ಹುಡುಗರಿಗೆ ಇದೆಲ್ಲ ಬೇಡ ಅಂತ. ಆ ಮಾತು ತಪ್ಪು. ಅದನ್ನು ಹೇಳೋಣ ಎಂದೇ ಈ ಪತ್ರ ಬರೆಯುತ್ತಿದ್ದೇನೆ.

ನನಗೆ 24 ವರ್ಷ. ಧಾರವಾಡದಲ್ಲಿದ್ದುಕೊಂಡು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ನಾಲ್ವರೂ ಬೇರೆ ಬೇರೆ ಜಿಲ್ಲೆಯವರು. ದಿನಾ ಬೆಳಿಗ್ಗೆ ಫೋನನ್ನು ಕಿಟಕಿಯ ಮೇಲಿಟ್ಟು ಆಕಾಶವಾಣಿಯ ವಾರ್ತೆ ಹಾಕುತ್ತೇವೆ, ಒಬ್ಬರು ಬರೆದುಕೊಳ್ಳುತ್ತಾರೆ, ಉಳಿದವರು ಹಲ್ಲುಜ್ಜುತ್ತಾ, ಚಹಾ ಕಾಸುತ್ತಾ ಕೇಳುತ್ತೇವೆ. ಈ ಊರಿನ ಕೋಚಿಂಗ್ ಓಣಿಗಳಲ್ಲಿ ಬೆಳಿಗ್ಗೆ ನಡೆದು ಹೋದರೆ ಒಂದಲ್ಲ ಒಂದು ಕಿಟಕಿಯಿಂದ ಅದೇ ವಾರ್ತೆ ಕೇಳಿಸುತ್ತದೆ. ಕಾರಣ ಸರಳ. ಪ್ರಚಲಿತ ಘಟನೆಗಳ ಪ್ರಶ್ನೆಗೆ ಬೇಕಾದದ್ದು ಅಲ್ಲಿ ಸಿಗುತ್ತದೆ. ಓದುವವರು ಕೂಗುವುದಿಲ್ಲ, ಒಂದೇ ಸುದ್ದಿಯನ್ನು ಅರ್ಧ ಗಂಟೆ ಎಳೆಯುವುದಿಲ್ಲ, ಹೆಸರು, ಊರು, ಅಂಕಿ ಎಲ್ಲವನ್ನೂ ಬರೆದುಕೊಳ್ಳುವಷ್ಟು ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತಾರೆ. ಟಿವಿಯ ಮುಂದೆ ಒಂದು ಗಂಟೆ ಕುಳಿತರೂ ಸಿಗದ್ದು ಇಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತದೆ.

ವಾರ್ತೆ ಮುಗಿದ ಮೇಲೆ ಆರಿಸುವುದು ಮರೆತೇ ಹೋಗುತ್ತಿತ್ತು. ಹಾಗೆ ಶುರುವಾಯಿತು ನಮ್ಮ ಕೇಳುವ ಅಭ್ಯಾಸ. ಒಂದು ದಿನ ಮೆಣಸಿನಕಾಯಿ ಗಿಡದ ಎಲೆ ಮುಟುರು ರೋಗದ ಬಗ್ಗೆ ಕೃಷಿ ವಿಜ್ಞಾನಿಯೊಬ್ಬರು ಮಾತನಾಡುತ್ತಿದ್ದರು. ನಮ್ಮ ರೂಮಿನ ಒಬ್ಬಳ ಮನೆಯಲ್ಲಿ ಆ ವರ್ಷ ಮೆಣಸಿನಕಾಯಿ ಹಾಕಿದ್ದರು. ಅವಳು ಪುಸ್ತಕ ಮುಚ್ಚಿಟ್ಟು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದಳು. ಇನ್ನೊಂದು ರಾತ್ರಿ ಬಾನುಲಿ ನಾಟಕ ಬಂತು. ಬರೀ ಬಾಗಿಲು ತೆರೆಯುವ ಸದ್ದು, ನಡೆಯುವ ಸದ್ದು, ಎರಡು ದನಿ, ಅಷ್ಟೇ. ನಾಲ್ಕೂ ಜನ ದೀಪ ಆರಿಸಿ ಕೇಳಿದೆವು. ನೋಡಲು ಏನೂ ಇಲ್ಲದ್ದಕ್ಕೆ ಎಲ್ಲವೂ ಕಾಣಿಸಿತು.

ಆಮೇಲೆ ನಾನು ಇದರ ಇತಿಹಾಸ ಹುಡುಕಿ ಓದಿದೆ. ನಮಗೆ ಶಾಲೆಯಲ್ಲಿ ಯಾರೂ ಯಾಕೆ ಹೇಳಲಿಲ್ಲ ಅಂತ ಬೇಜಾರೇ ಆಯಿತು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, ಒಂಟಿಕೊಪ್ಪಲಿನ 'ವಿಠ್ಠಲ ವಿಹಾರ'ದಿಂದ, ರೇಡಿಯೊ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದು. ನಾನು ಓದುವ ಮೇಜಿನ ಮೇಲಿನ ಹಳೆಯ ಟ್ಯೂಬ್‌ಲೈಟೇ 40 ವ್ಯಾಟ್ ಎಳೆಯುತ್ತದೆ! ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಆಗಿನ್ನೂ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರೇ ಹುಟ್ಟಿರಲಿಲ್ಲ, ಅದು ಬಂದದ್ದು 1936ರ ಜೂನ್‌ನಲ್ಲಿ. ಮೈಸೂರಿನ ಒಂದು ಮನೆಯ ಪ್ರಸಾರಕ್ಕೆ ಇಟ್ಟ ಹೆಸರನ್ನು 1957ರಲ್ಲಿ ಇಡೀ ದೇಶದ ರೇಡಿಯೊ ತನ್ನದಾಗಿಸಿಕೊಂಡಿತು, 2023ರಲ್ಲಿ ಇಂಗ್ಲಿಷ್ ಹೆಸರನ್ನೇ ಬಿಟ್ಟು ಎಲ್ಲ ಕಡೆ ಆಕಾಶವಾಣಿ ಎಂದೇ ಹೇಳಬೇಕು ಅಂತ ಆದೇಶವಾಯಿತು.

ಗೋಪಾಲಸ್ವಾಮಿಯವರು ಮಾಡಿದ್ದನ್ನು ಇವತ್ತಿನ ಯಾವ ಹುಡುಗನಿಗೆ ಹೇಳಿದರೂ ತಕ್ಷಣ ಅರ್ಥವಾಗುತ್ತದೆ. ಮನೆಯ ಒಂದು ಕೋಣೆ, ಒಂದು ಮೈಕು, ಗೆಳೆಯರ ಬಳಗ, ಮಾತು, ಹಾಡು. ಇವತ್ತು ನನ್ನ ಜೊತೆಯವರು ಪಾಡ್‌ಕಾಸ್ಟ್ ಶುರು ಮಾಡುವುದೂ ಹೀಗೇ ಅಲ್ವಾ?

ಆ ಮುಂಜಾನೆಯ ಸಂಕೇತ ಸಂಗೀತವನ್ನೇ ತೆಗೆದುಕೊಳ್ಳಿ. ಪ್ರಸಾರ ಶುರುವಾಗುವ ಮೊದಲು ತಂಬೂರಿ ಮತ್ತು ಪಿಟೀಲಿನಲ್ಲಿ ಬರುವ ಆ ಧಾಟಿ ಗೊತ್ತಿಲ್ಲದವರು ಹಿರಿಯರಲ್ಲಿ ಯಾರೂ ಇರಲಿಕ್ಕಿಲ್ಲ. ಅದನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್. ಪ್ರಾಗ್‌ನಲ್ಲಿದ್ದ ಯಹೂದಿ ಸಂಗೀತಗಾರ, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬೈಗೆ ಬಂದವರು, ಅಲ್ಲಿನ ರೇಡಿಯೊದಲ್ಲಿ ಕೆಲಸ ಮಾಡಿದವರು. ಈ ಕಥೆ ಹೇಳಿದಾಗ ನಮ್ಮ ರೂಮಿನಲ್ಲಿ ಎಲ್ಲರೂ ಆ ಧಾಟಿಯನ್ನು ಮತ್ತೊಮ್ಮೆ ಹಾಕಿಸಿ ಸುಮ್ಮನೆ ಕುಳಿತು ಕೇಳಿದರು. ಅಲ್ಲಿಯವರೆಗೆ ಅದು ನಮಗೆ ಬರೀ ಹಳೆಯ ಸದ್ದಾಗಿತ್ತು. ಕಥೆ ಗೊತ್ತಾದ ಮೇಲೆ ಹಾಗಿರಲಿಲ್ಲ.

ಇನ್ನೊಂದು ಪಾಠ ಅದೇ ಇತಿಹಾಸದಲ್ಲಿದೆ. ಆಕಾಶವಾಣಿ ಎಳೆಯರನ್ನು ಕಳೆದುಕೊಳ್ಳುತ್ತಿರುವುದು ಇದೇ ಮೊದಲಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮಂತ್ರಿಯಾದಾಗ ಸಿನಿಮಾ ಹಾಡುಗಳಿಂದ ಜನರ ಅಭಿರುಚಿ ಕೆಡುತ್ತದೆ ಎಂದು ಅವುಗಳನ್ನು ದೂರವಿಟ್ಟರು. ಶಾಸ್ತ್ರೀಯ ಸಂಗೀತ ಕೇಳಿಸಿದರೆ ಜನ ಅದನ್ನೇ ಕೇಳುತ್ತಾರೆ ಅಂದುಕೊಂಡಿದ್ದರು. ಜನ ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್ ಹಚ್ಚಿಕೊಂಡರು. ನಿರೂಪಕ ಅಮೀನ್ ಸಯಾನಿಯವರ ದನಿ ದೇಶದ ಮನೆಮನೆಗೂ ಬಂದದ್ದು ನಮ್ಮ ರೇಡಿಯೊದಿಂದಲ್ಲ, ಸಮುದ್ರದ ಆಚೆಯಿಂದ. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು, ಕೇಳುಗರು ವಾಪಸ್ ಬಂದರು. 1969ರ ಜುಲೈನಲ್ಲಿ ದೆಹಲಿಯಲ್ಲಿ ಯುವವಾಣಿ ಬಂತು. ಅದರಲ್ಲಿ ಯುವಕರೇ ಬರೆದು, ಯುವಕರೇ ಮಾತನಾಡಿ, ಯುವಕರೇ ಹಾಡಿದರು. ಆಮೇಲೆ ನಮ್ಮ ನಿಲಯಗಳಲ್ಲೂ ಕನ್ನಡದಲ್ಲಿ ಯುವವಾಣಿ ಶುರುವಾಯಿತು. ಈಗ ಹೆಸರು ಮಾಡಿರುವ ಎಷ್ಟೋ ಕನ್ನಡ ಕವಿಗಳು, ಗಾಯಕರು ಮೊದಲು ಮೈಕಿನ ಮುಂದೆ ನಿಂತದ್ದು ಅಲ್ಲೇ.

ಎರಡು ಸಲವೂ ಆದದ್ದು ಒಂದೇ. ಕೇಳುಗರು ಎಲ್ಲಿದ್ದಾರೋ ಅಲ್ಲಿಗೆ ರೇಡಿಯೊ ಹೋಯಿತು. ಈಗ ಮೂರನೇ ಸಲ ಹೋಗಬೇಕಾದ ಕಾಲ ಬಂದಿದೆ. ಯಾಕೆ ತಡ ಆಗುತ್ತಿದೆ ಅನ್ನುವುದು ನನ್ನ ಪ್ರಶ್ನೆ.

ಖಾಸಗಿ ಎಫ್‌ಎಂ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು, ನಾನು ಅವುಗಳನ್ನೂ ಕೇಳುತ್ತೇನೆ, ಹಾಡು ಚೆನ್ನಾಗಿ ಹಾಕುತ್ತಾರೆ. ಆದರೆ ಅವರು ತಮ್ಮದೇ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಮರುಪ್ರಸಾರ ಮಾಡಬಹುದು. ಅಂದರೆ ರೇಡಿಯೊದಲ್ಲಿ ಕನ್ನಡದ ಸುದ್ದಿ ಎಂದರೆ ಇವತ್ತಿಗೂ ಆಕಾಶವಾಣಿ ಒಂದೇ. ಜಾಹೀರಾತು ತಂದುಕೊಡದ ಮಾತಿಗೂ ಜಾಗ ಇರುವುದು ಅಲ್ಲೇ. ಯಕ್ಷಗಾನ, ಗೀಗೀ ಪದ, ತತ್ವಪದ, ಕೊಡವ, ತುಳು, ಕೊಂಕಣಿ, ಇವಕ್ಕೆಲ್ಲ ಲಾಭ ನೋಡುವ ಯಾವ ಕೇಂದ್ರ ಸಮಯ ಕೊಡುತ್ತದೆ? ರೇಡಿಯೊ ಅಲೆಗಳು ಸಾರ್ವಜನಿಕರ ಆಸ್ತಿ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾರ್ವಜನಿಕರು ಎಂದರೆ ನಾವೂ ಸೇರಿ.

ಈಗ ಏನಾಗಬೇಕು ಅಂತ ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಆ ಹಳೆಯ ಟೇಪುಗಳ ಕೋಣೆ ತೆರೆಯಬೇಕು. ಧಾರವಾಡ ನಿಲಯ ಶುರುವಾದದ್ದು 1950ರ ಜನವರಿ 8ರಂದು. ಅಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು, ದ.ರಾ. ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು. 1955ರಲ್ಲಿ ಶುರುವಾದ ಬೆಂಗಳೂರು ನಿಲಯದಲ್ಲಿ ವೀಣೆಯ ದೊರೆಸ್ವಾಮಿ ಅಯ್ಯಂಗಾರರು ಕೆಲಸ ಮಾಡಿದರು. ಇಂಥವರು ಓಡಾಡಿದ ಕಟ್ಟಡಗಳು ಅವು. ಬೇಂದ್ರೆಯವರ ಕವಿತೆಯನ್ನು ನಾನು ಪಠ್ಯದಲ್ಲಿ ಓದಿದ್ದೇನೆ, ಸಾರಾಂಶ ಬರೆದು ಅಂಕ ತೆಗೆದುಕೊಂಡಿದ್ದೇನೆ. ಅವರದೇ ದನಿಯಲ್ಲಿ ಕೇಳಿದ್ದು ಮಾತ್ರ ತೀರ ಈಚೆಗೆ. ಎಲ್ಲಿ ಎಳೆಯುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಯಾವ ಪದಕ್ಕೆ ನಗುತ್ತಾರೆ ಅನ್ನುವುದು ಅಚ್ಚಿನಲ್ಲಿ ಬರುವುದಿಲ್ಲ. ಅದು ಇರುವುದು ಟೇಪಿನಲ್ಲಿ. ಟೇಪಿಗೂ ಆಯಸ್ಸು ಅಂತ ಇದೆ. ಮೇಲಿನ ಲೇಪ ಉದುರುತ್ತದೆ, ಬೂಸು ಹಿಡಿಯುತ್ತದೆ, ನುಡಿಸುವ ಯಂತ್ರವೇ ಸಿಗದಂತಾಗುತ್ತದೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ದಾಖಲಿಸುವುದು ರೇಡಿಯೊ ಲೋಕದಲ್ಲಿ ಎಲ್ಲ ಕಡೆ ಇದ್ದ ರೂಢಿ, ಹಾಗಾಗಿ ಉಳಿದಿರುವುದು ಹೇಗೂ ಕಡಿಮೆ. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ಆರ್ಕೈವ್ಸ್ ಯೂಟ್ಯೂಬ್‌ನಲ್ಲಿದೆ, ಕೆಲವು ನಿಲಯಗಳೂ ಅಲ್ಲಿ ಕಾರ್ಯಕ್ರಮ ಹಾಕುತ್ತಿವೆ, ಅದು ಒಳ್ಳೆಯ ಕೆಲಸ. ಆದರೆ ಕನ್ನಡದ್ದು ಜಾಸ್ತಿ ಬರಬೇಕು. ಹುಡುಕಿದರೆ ಸಿಗುವ ಹಾಗೆಯೂ ಇರಬೇಕು. ಎಷ್ಟೋ ಸಲ ಶೀರ್ಷಿಕೆಯಲ್ಲಿ ನಿಲಯದ ಹೆಸರು, ದಿನಾಂಕ ಬಿಟ್ಟರೆ ಏನೂ ಇರುವುದಿಲ್ಲ. ಯಾರ ಮಾತು, ಯಾವ ನಾಟಕ, ಯಾರ ಪಾತ್ರ, ಇಷ್ಟು ಬರೆದು ಹಾಕಿದರೆ ಸಾಕು, ಹಂಚುವ ಕೆಲಸ ನಾವು ಮಾಡುತ್ತೇವೆ.

ಫೋನಿನ ವಿಷಯವೂ ಇದೆ. ಮೊದಲಿನ ಫೋನಿನಲ್ಲಿ ಇಯರ್‌ಫೋನ್ ವೈರ್ ಚುಚ್ಚಿದರೆ ಅದೇ ಆಂಟೆನಾ ಆಗಿ ಎಫ್‌ಎಂ ಬರುತ್ತಿತ್ತು, ಡೇಟಾ ಬೇಕಿರಲಿಲ್ಲ. ಈಗ ನಾನು ಕೊಂಡ ಫೋನಿನಲ್ಲಿ ಎಫ್‌ಎಂ ಇಲ್ಲವೇ ಇಲ್ಲ. ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ತೆಗೆಯಬೇಡಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿದೆ. ಸಲಹೆ ಸಾಲದು, ಕಡ್ಡಾಯ ಮಾಡಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ, ಮೊಬೈಲ್ ಟವರ್ ಸತ್ತು, ರಸ್ತೆ ಕಡಿದು ಹೋದ ಊರಿಗೆ ಆ್ಯಪ್‌ನಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ಕೇಳಿಸುವುದು ರೇಡಿಯೊ ಒಂದೇ.

ಆ್ಯಪ್ ಬೇಡ ಎಂದಲ್ಲ, ನಾವು ಕೇಳುವುದೇ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ. ಮೈಸೂರು, ಮಂಗಳೂರು, ಭದ್ರಾವತಿ, ಕಲಬುರಗಿ, ಬೇಕಾದ ನಿಲಯ ಧಾರವಾಡದಲ್ಲೇ ಕುಳಿತು ಕೇಳಬಹುದು. ನಮ್ಮ ರೂಮಿನಲ್ಲಿ ಒಬ್ಬಳು ಮಂಗಳೂರಿನವಳು, ಅವಳು ಕಿವಿಗೆ ಹಾಕಿಕೊಂಡು ತುಳು ಕಾರ್ಯಕ್ರಮ ಕೇಳುವಾಗ ಅವಳ ಮುಖ ನೋಡಬೇಕು. ಆದರೆ ನೇರ ಪ್ರಸಾರ ತಪ್ಪಿದರೆ ಮುಗಿಯಿತು. ನಾಟಕ ಬರುವ ಹೊತ್ತಿಗೆ ನಾವು ಲೈಬ್ರರಿಯಲ್ಲಿರುತ್ತೇವೆ, ಕೆಲಸಕ್ಕೆ ಹೋಗುವವರು ಬಸ್ಸಿನಲ್ಲಿರುತ್ತಾರೆ. ಬೇಕಾದಾಗ ಕೇಳುವ ಹಾಗೆ ಒಂದು ವಾರವಾದರೂ ಎಲ್ಲ ಕಾರ್ಯಕ್ರಮಗಳನ್ನು ಅಲ್ಲೇ ಇಡಿ.

ಕೊನೆಯದಾಗಿ ಮೈಕು. ಯುವಕರಿಗಾಗಿ ಕಾರ್ಯಕ್ರಮ ಎಂದರೆ ಹಿರಿಯರೊಬ್ಬರು ಬಂದು ವ್ಯಕ್ತಿತ್ವ ವಿಕಸನದ ಬಗ್ಗೆ ಉಪದೇಶ ಮಾಡುವುದಲ್ಲ. ನಮಗೆ ಅದು ಎಲ್ಲ ಕಡೆ ಸಿಗುತ್ತದೆ. ನೇಮಕಾತಿ ಪರೀಕ್ಷೆ ಮುಂದೆ ಹೋದಾಗ ರೂಮಿನ ಬಾಡಿಗೆ ಹೇಗೆ ಕಟ್ಟುತ್ತೇವೆ, ಊರಿಗೆ ಹೋದಾಗ ನೆಂಟರ ಪ್ರಶ್ನೆಗೆ ಏನು ಉತ್ತರ ಕೊಡುತ್ತೇವೆ, ಓದು ಬಿಟ್ಟು ಹೊಲಕ್ಕೆ ವಾಪಸ್ ಹೋದ ಗೆಳೆಯ ಏನು ಬೆಳೆಯುತ್ತಿದ್ದಾನೆ, ಇದನ್ನೆಲ್ಲ ನಮ್ಮ ಬಾಯಲ್ಲೇ, ನಮ್ಮ ನಮ್ಮ ಕಡೆಯ ಕನ್ನಡದಲ್ಲೇ ಹೇಳಲು ಬಿಡಿ. ಬೀದರಿನ ಮಾತು ಬೀದರಿನ ಹಾಗೆ, ಕುಂದಾಪುರದ್ದು ಕುಂದಾಪುರದ ಹಾಗೆ ಇರಲಿ. ವಾರ್ತೆಯ ಕನ್ನಡ ಈಗಿರುವ ಹಾಗೇ ಇರಲಿ, ಅದರ ಸ್ಪಷ್ಟತೆ ಬೇರೆ ಎಲ್ಲೂ ಇಲ್ಲ. ಉಳಿದದ್ದಕ್ಕೆ ಸ್ವಲ್ಪ ಉಸಿರಾಡಲು ಜಾಗ ಬೇಕು. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಪಾಸಾಗಿ ಬಿ, ಎ ಅಂತ ಗ್ರೇಡ್ ಪಡೆಯುವುದು ಹಾಡುವವರಿಗೆ, ನಾಟಕದವರಿಗೆ ಇವತ್ತಿಗೂ ದೊಡ್ಡ ಗೌರವ. ಆ ಪರೀಕ್ಷೆಯ ಪ್ರಕಟಣೆಯನ್ನು ಕಾಲೇಜುಗಳ ನೋಟಿಸ್ ಬೋರ್ಡಿಗೆ, ವಾಟ್ಸ್ಆ್ಯಪ್ ಗುಂಪುಗಳಿಗೆ ತಲುಪಿಸಿ. ನಿಲಯದ ಗೇಟಿನ ಒಳಗೆ ಹೋಗಬಹುದು ಅಂತಲೇ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

2035ರ ಸೆಪ್ಟೆಂಬರ್ 10ಕ್ಕೆ ಒಂಟಿಕೊಪ್ಪಲಿನ ಆ ಮನೆಯ ಮೊದಲ ಪ್ರಸಾರಕ್ಕೆ ನೂರು ವರ್ಷ ತುಂಬುತ್ತದೆ. ಆ ದಿನ ಬೆಳಗಿನ ಪ್ರಸಾರದ ಮೈಕನ್ನು ಮೈಸೂರಿನ ಕಾಲೇಜು ಹುಡುಗ ಹುಡುಗಿಯರ ಕೈಗೆ ಕೊಡಲಿ ಎಂದು ಈಗಲೇ ಕೇಳಿಕೊಳ್ಳುತ್ತಿದ್ದೇನೆ. ತಯಾರಿಗೆ ಇನ್ನೂ ಸಮಯವಿದೆ. ಟೇಪುಗಳಿಗೆ ಮಾತ್ರ ಅಷ್ಟು ಸಮಯವಿಲ್ಲ, ಆ ಕೆಲಸ ಈ ವರ್ಷವೇ ಶುರುವಾಗಲಿ.

ಇಂತಿ,
ಪರೀಕ್ಷೆಗೆ ಓದುತ್ತಿರುವ ಕೇಳುಗರಲ್ಲೊಬ್ಬಳು
ಧಾರವಾಡ