ಒಸು ಆಡುವ ಪುಟ್ಟಿಗೆ ಮಾಮಾನ ಪತ್ರ

ಟಿಳಕವಾಡಿ, ಬೆಳಗಾವಿ

ಚಿ. ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ಹಾಡಿನ ತಾಳಕ್ಕೆ ತೆರೆಯ ಮೇಲೆ ಬರುವ ಸರ್ಕಲ್‌ಗಳ ಮೇಲೆ ಕರ್ಸರ್ ಇಟ್ಟು ಕೀ ಒತ್ತುವ ಈ ‘ಒಸು’ ಕಂಪ್ಯೂಟರ್ ಆಟದ, ನೀನು ಕಳಿಸಿದ ರಿಪ್ಲೇ ನೋಡಿದೆ. ಕಷ್ಟದ ಅಳತೆಯಲ್ಲಿ ನಾಲ್ಕು ಸ್ಟಾರ್ ಹತ್ತಿರ ಬಂದು ಸಿಕ್ಕಿಕೊಂಡಿದ್ದೀ. ಆ್ಯಕ್ಯುರೆಸಿ 91 ದಾಟುತ್ತಿಲ್ಲ, ಪೆನ್ ಟ್ಯಾಬ್ಲೆಟ್ ಕೊಂಡರೆ ಸರಿಹೋಗುತ್ತದಾ ಅಂತ ಕೇಳಿದ್ದೀ. ಇಲ್ಲ, ಹೋಗುವುದಿಲ್ಲ. ಆ ದುಡ್ಡು ಉಳಿಸು. ಟ್ಯಾಬ್ಲೆಟ್ ಉಪಯೋಗಕ್ಕೆ ಬರುವುದು ಗುರಿ ತಪ್ಪುವವರಿಗೆ. ನಿನ್ನ ಕರ್ಸರ್ ಹೊತ್ತಿಗೆ ಸರಿಯಾಗಿ ಸರ್ಕಲ್ ಮೇಲೆ ಬಂದು ಕೂತಿರುತ್ತದೆ. ತಪ್ಪುತ್ತಿರುವುದು ಕೀ ಒತ್ತುವ ಗಳಿಗೆ.

ಸ್ವಲ್ಪ ಲೆಕ್ಕ ಮಾಡೋಣ, ಲೆಕ್ಕ ಅಂದರೆ ಮುಖ ಸಿಂಡರಿಸಬೇಡ. 400 ಸರ್ಕಲ್ ಇರುವ ಒಂದು ಮ್ಯಾಪ್, ಅಂದರೆ ಒಂದು ಹಾಡಿಗೆ ಜೋಡಿಸಿಟ್ಟ ಸರ್ಕಲ್‌ಗಳ ಸಾಲು, ಅಂದುಕೋ. ಒತ್ತಿ ಹಿಡಿದು ಎಳೆಯುವ ಸ್ಲೈಡರ್ ವಿಷಯ ಸದ್ಯ ಬಿಡು. ಒಂದೂ ಮಿಸ್ ಇಲ್ಲ, 346 ಸರ್ಕಲ್‌ಗೆ ಪೂರ್ತಿ ಅಂಕ ‘300’ ಬಂತು, 54ಕ್ಕೆ ‘100’ ಬಂತು. ‘100’ ಅಂದರೆ ಮೂರರಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 54 ಸರ್ಕಲ್ ಸೇರಿ 18ರಷ್ಟೇ ಆಯಿತು. ಒಟ್ಟು 364. ಅದೇ ನಿನ್ನ 91 ಪರ್ಸೆಂಟ್. ಕಾಂಬೋ ಮುರಿಯದೆ, ಅಂದರೆ ಮಿಸ್ ಒಂದೂ ಇಲ್ಲದೆ, ಇಷ್ಟು ಹೋಯಿತು. ಸ್ಟಾರ್ ಜಾಸ್ತಿ ಇರುವ ಮ್ಯಾಪ್ ಹುಡುಕಿಕೊಂಡು ಹೋದರೆ ಇದು ಕಡಿಮೆ ಆಗುತ್ತದಾ? ಇನ್ನೂ ಹೆಚ್ಚುತ್ತದೆ.

ಈಗ ಆ ‘100’ ಯಾಕೆ ಬರುತ್ತವೆ ನೋಡು. ನೀನು ಆಡಿದ ಮ್ಯಾಪಿನ ಓವರಾಲ್ ಡಿಫಿಕಲ್ಟಿ, ಅಂದರೆ ಒತ್ತುವ ಹೊತ್ತು ಎಷ್ಟು ಬಿಗಿ ಅನ್ನುವ ಅಂಕಿ, 8. ಅಲ್ಲಿ ‘300’ ಸಿಗಬೇಕಾದರೆ ಬೀಟ್‌ಗೆ 32 ಮಿಲಿಸೆಕೆಂಡ್ ಹಿಂದೆ ಮುಂದೆ ಒಳಗೆ ಒತ್ತಬೇಕು. 76ರ ಒಳಗೆ ‘100’, 120ರ ಒಳಗೆ ‘50’. ಡಿಫಿಕಲ್ಟಿ 5 ಇದ್ದರೆ ‘300’ರ ಗಡಿ 50 ಮಿಲಿಸೆಕೆಂಡ್. ಹಳೆಯ ಮ್ಯಾಪ್‌ಗಳಲ್ಲಿ 98 ಬರುತ್ತಿತ್ತು, ಈಗ ಕೈ ಕೆಟ್ಟಿತು ಅಂತ ಬರೆದಿದ್ದೀಯಲ್ಲ, ಕೈ ಕೆಟ್ಟಿಲ್ಲ, ಬಾಗಿಲು ಸಣ್ಣದಾಗಿದೆ ಅಷ್ಟೆ.

ಸೆಟ್ಟಿಂಗ್ಸ್‌ನಲ್ಲಿ ಹಿಟ್ ಎರರ್ ಬಾರ್ ಹಾಕಿಕೋ. ಆಡುವಾಗ ಕೆಳಗೆ ಸಣ್ಣ ಗೀಟುಗಳು ಬೀಳುತ್ತವೆ. ನಡುವಿಗಿಂತ ಎಡಕ್ಕೆ ಬಿದ್ದರೆ ಬೇಗ ಒತ್ತಿದೆ, ಬಲಕ್ಕೆ ಬಿದ್ದರೆ ತಡ ಮಾಡಿದೆ ಅಂತ ಅರ್ಥ. ನಿನ್ನ ರಿಪ್ಲೇಯಲ್ಲಿ ಗೀಟುಗಳೆಲ್ಲ ಬಲಕ್ಕೆ ವಾಲಿವೆ, ಸರಾಸರಿ 12 ಮಿಲಿಸೆಕೆಂಡ್ ತಡ. ಅನ್‌ಸ್ಟೇಬಲ್ ರೇಟ್ 180. ಅದನ್ನು ಹತ್ತರಿಂದ ಭಾಗಿಸು, 18 ಬಂತು. ನಿನ್ನ ಒತ್ತುವಿಕೆ ಸಾಮಾನ್ಯವಾಗಿ 18 ಮಿಲಿಸೆಕೆಂಡಿನಷ್ಟು ಆ ಕಡೆ ಈ ಕಡೆ ಆಡುತ್ತದೆ ಅಂತ. ಅದು ಕೈಯ ಗುಣ, ತಿಂಗಳುಗಟ್ಟಲೆ ತಿದ್ದಬೇಕು. ಆದರೆ ಆ 12 ಇದೆಯಲ್ಲ, ಅದು ಮಷೀನಿನ ತಪ್ಪಾಗಿದ್ದರೆ ಇವತ್ತೇ ತೆಗೆದುಹಾಕಬಹುದು. ತೆಗೆದರೆ ನಿನ್ನ 54 ‘100’ಗಳು ಸುಮಾರು 30ಕ್ಕೆ ಇಳಿಯುತ್ತವೆ. ಅದೇ ಕೈ, ಅದೇ ಮೌಸು, 95ರ ಹತ್ತಿರ. ಟ್ಯಾಬ್ಲೆಟ್ ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯಿತಲ್ವಾ?

ತಡ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕು. ಎಲ್ಲಾ ಹಾಡಿನಲ್ಲೂ ಒಂದೇ ತೆರನಾಗಿ ತಡ ಬಂದರೆ ತಪ್ಪು ಮಷೀನಿನದು. ಹಾಡಿಗೂ ಸರ್ಕಲ್‌ಗಳಿಗೂ ನಡುವಿನ ಹೊತ್ತು ಸರಿಸುವ ಆಫ್‌ಸೆಟ್ ಬದಲಿಸು, ಐದೈದು ಮಿಲಿಸೆಕೆಂಡ್ ಸರಿಸುತ್ತಾ ಗೀಟುಗಳು ನಡುವಿಗೆ ಬರುವವರೆಗೆ ನೋಡು. ಒಂದೇ ಹಾಡಿನಲ್ಲಿ ಮಾತ್ರ ಬಂದರೆ ಆ ಮ್ಯಾಪ್ ಮಾಡಿದವರ ಟೈಮಿಂಗ್ ಕೆಟ್ಟಿರಬಹುದು. ಮ್ಯಾಪ್‌ಗಳನ್ನೆಲ್ಲ ಆಟಗಾರರೇ ಮಾಡುವುದು, ರ್‍ಯಾಂಕ್ಡ್ ಆಗದ, ಅಂದರೆ ತಪಾಸಣೆ ದಾಟದ, ಮ್ಯಾಪ್‌ಗಳಲ್ಲಿ ಇಂಥದ್ದು ಇದ್ದೇ ಇರುತ್ತದೆ. ಆ ಒಂದು ಹಾಡಿಗಷ್ಟೇ ಆಫ್‌ಸೆಟ್ ಬದಲಿಸಲು ಬರುತ್ತದೆ. ಇನ್ನು ಸುಲಭದ ಮ್ಯಾಪಿನಲ್ಲಿ ನಡುವಿಗೇ ಬಿದ್ದು, ಕಷ್ಟದ್ದರಲ್ಲಿ ಮಾತ್ರ ಬಲಕ್ಕೆ ವಾಲಿದರೆ ತಪ್ಪು ನಿನ್ನದೇ. ಆಫ್‌ಸೆಟ್ ಮುಟ್ಟಬೇಡ.

ಆ ಬ್ಲೂಟೂತ್ ಇಯರ್‌ಫೋನ್ ಮಾತ್ರ ಈಗಲೇ ತೆಗೆದಿಡು. ಅದರಲ್ಲಿ ಸದ್ದು 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡವಾಗಿ ಬರುವುದು ಮಾಮೂಲು. ಹಾಡು ಕೇಳಲು, ಸಿನಿಮಾ ನೋಡಲು ಅಡ್ಡಿಯಿಲ್ಲ. ಈ ಆಟಕ್ಕೆ ಆಗುವುದಿಲ್ಲ. ನೀನು ಒತ್ತಿದ ಮೇಲೆ ಟಕ್ ಅನ್ನುವ ಸದ್ದೂ ತಡವಾಗಿ ಕೇಳುತ್ತದೆ, ಆಗ ಕಿವಿ ಕೈಬಿಟ್ಟು ಕಣ್ಣನ್ನೇ ನಂಬುವ ಚಟ ಬೀಳುತ್ತದೆ. ವೈರ್ ಇರುವ ಇಯರ್‌ಫೋನ್ ಸಾಕು, ಎಷ್ಟು ಅಗ್ಗದ್ದಾದರೂ ಆದೀತು. ವಿಂಡೋಸ್‌ನಲ್ಲಿ ಮೌಸಿನ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಟಿಕ್ ತೆಗೆ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಆಡಿ ಸ್ಕೋರ್ ಕೆಟ್ಟಿತು ಅಂತ ಅಳಬೇಡ, ಆ ಹೊತ್ತಿಗೆ ಲ್ಯಾಪ್‌ಟಾಪೇ ನಿಧಾನ ಆಗಿರುತ್ತದೆ.

ಇಷ್ಟೂ ಒಂದು ಸಂಜೆಯ ಕೆಲಸ. ನಾನು ಹೇಳಬೇಕು ಅಂದುಕೊಂಡಿರುವ ಮಾತು ಬೇರೆ. ನೀನು ಆಟ ನೋಡುತ್ತಿದ್ದೀ, ಕೇಳುತ್ತಿಲ್ಲ.

ಸರ್ಕಲ್ ಸುತ್ತ ಒಂದು ದೊಡ್ಡ ಬಳೆ ಬರುತ್ತದಲ್ಲ, ಅದು ಸಣ್ಣದಾಗುತ್ತಾ ಬಂದು ಸರ್ಕಲ್‌ಗೆ ಅಂಟಿದಾಗ ಒತ್ತಬೇಕು. ಕಲಿಯುವಾಗ ಎಲ್ಲರೂ ಅದನ್ನೇ ನೋಡುತ್ತಾರೆ. ಅಪ್ರೋಚ್ ರೇಟ್ 5 ಇದ್ದಾಗ ಬಳೆ ಕೂಡಲು 1200 ಮಿಲಿಸೆಕೆಂಡ್ ಸಿಗುತ್ತದೆ, ನೋಡಿಕೊಂಡು ಒತ್ತಿದರೂ ನಡೆಯುತ್ತದೆ. ರೇಟ್ 9ಕ್ಕೆ ಬಂದರೆ ಬರೀ 600. ಅಷ್ಟರಲ್ಲಿ ಮುಂದಿನ ನಾಲ್ಕು ಸರ್ಕಲ್ ಬಂದು ಕೂತಿರುತ್ತವೆ. ನೀನು ಇನ್ನೂ ಈ ಬಳೆ ಅಂಟುವುದನ್ನೇ ಕಾಯುತ್ತಿದ್ದೀ. ಅಂಟಿದ್ದನ್ನು ಕಂಡ ಮೇಲೆ ಬೆರಳಿಗೆ ಹೇಳಿದರೆ ಆಗಲೇ ಹೊತ್ತು ಮೀರಿರುತ್ತದೆ. ಕಷ್ಟದ ಮ್ಯಾಪಿನಲ್ಲಿ ನಿನ್ನ ಗೀಟುಗಳು ಬಲಕ್ಕೆ ವಾಲುವುದು ಇದಕ್ಕೇ ಅಂತ ನನ್ನ ಅನುಮಾನ.

ಬನಶಂಕರಿ ಜಾತ್ರೆಯಲ್ಲಿ ಕರಡಿ ಮಜಲಿನ ವಾದ್ಯದವರನ್ನು ನೋಡಿದ್ದೀಯಲ್ಲ. ಬಾರಿಸುವವರ ಕಣ್ಣು ಜನರ ಮೇಲೆ, ತೇರಿನ ಮೇಲೆ, ಎಲ್ಲೆಲ್ಲೋ ಇರುತ್ತದೆ. ಕಿವಿ ಮಾತ್ರ ತಾಳದವನ ಹತ್ತಿರ. ನಿನಗೂ ಅದೇ ಆಗಬೇಕು. ಎಲ್ಲಿ ಹೋಗಬೇಕು ಅಂತ ಕಣ್ಣು ಹೇಳಲಿ, ಯಾವಾಗ ಒತ್ತಬೇಕು ಅಂತ ಹಾಡು ಹೇಳಲಿ.

ಇದಕ್ಕೊಂದು ಒಳ್ಳೆಯ ಉಪಾಯ ಆಟದಲ್ಲೇ ಇದೆ. ಕಣ್ಣು ಮುಚ್ಚಿ ಆಡಬಹುದಾದಷ್ಟು ಸುಲಭದ ಮ್ಯಾಪ್ ತಗೋ, ಎರಡು ಸ್ಟಾರಿನದು. ಅದರ ಮೇಲೆ ‘ಹಿಡನ್’ ಅನ್ನುವ ಮಾಡ್, ಅಂದರೆ ಆಟದ ರೀತಿ ಬದಲಿಸುವ ಆಯ್ಕೆ, ಹಾಕು. ಆ ಬಳೆಗಳು ಇರುವುದಿಲ್ಲ, ಸರ್ಕಲ್‌ಗಳೂ ಒತ್ತುವ ಮೊದಲೇ ಮಸುಕಾಗಿ ಹೋಗುತ್ತವೆ. ಕಿವಿಯನ್ನು ನಂಬದೆ ಬೇರೆ ದಾರಿಯೇ ಇರುವುದಿಲ್ಲ. ಮೊದಲ ವಾರ ಸಿಟ್ಟು ಬರುತ್ತದೆ, ಬರಲಿ. ಆಡುವ ಮೊದಲು ಹಾಡನ್ನು ಸುಮ್ನೆ ಒಮ್ಮೆ ಕೇಳು, ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕು. ಡ್ರಮ್ ಹಿಡಿದು ಮ್ಯಾಪ್ ಮಾಡಿದ್ದಾರಾ, ಹಾಡುವವರ ದನಿ ಹಿಡಿದು ಮಾಡಿದ್ದಾರಾ ಅಂತ ಗುರುತಿಸು. ಒಂದೇ ಹಾಡಿನಲ್ಲಿ ಅದು ಬದಲಾಗುತ್ತಾ ಇರುತ್ತದೆ. ಬದಲಾಗುವ ಜಾಗದಲ್ಲೇ ನಿನಗೆ ‘100’ ಜಾಸ್ತಿ ಬಿದ್ದಿವೆ, ರಿಪ್ಲೇ ಮತ್ತೆ ನೋಡು.

ದಿನದ ಆಟಕ್ಕೆ ಯಾವ ಮ್ಯಾಪ್? 95ರ ಮೇಲೆ ಬರುವಂಥವನ್ನು ಹೆಚ್ಚು ಆಡು. ಕಷ್ಟದ್ದು ಬೇಕೇ ಅನ್ನಿಸಿದರೆ ‘ನೋ ಫೇಲ್’ ಮಾಡ್ ಹಾಕಿ ಕೊನೆಯವರೆಗೆ ಆಡು, ಒಂದೆರಡು. ನಡುವೆ ಸತ್ತು ಮತ್ತೆ ಮೊದಲಿನಿಂದ ಶುರು ಮಾಡಿದರೆ ಹಾಡಿನ ಮೊದಲ 20 ಸೆಕೆಂಡ್ ಮಾತ್ರ ಬಾಯಿಪಾಠ ಆಗುತ್ತದೆ. ‘ಹಾಫ್ ಟೈಮ್’ ಹಾಕಿ ಆಡುತ್ತೇನೆ ಅಂದಿದ್ದೀ. ಹೆಸರು ಹಾಗಿದ್ದರೂ ಅದು ಅರ್ಧ ಅಲ್ಲ, ಮುಕ್ಕಾಲು ವೇಗ. ಕಷ್ಟದ ಜಾಗದಲ್ಲಿ ಸರ್ಕಲ್‌ಗಳು ಹೇಗೆ ಸಾಗುತ್ತವೆ ಅಂತ ತಿಳಿಯಲು ಒಳ್ಳೆಯದು. ಅಲ್ಲಿ ಬಂದ ಆ್ಯಕ್ಯುರೆಸಿ ನೋಡಿ ಖುಷಿಪಡಬೇಡ. ಹಾಡು ನಿಧಾನ ಆದಂತೆ ಆ 32 ಮಿಲಿಸೆಕೆಂಡಿನ ಗಡಿಯೂ ಹಿಗ್ಗಿ 43ರ ಹತ್ತಿರ ಹೋಗಿರುತ್ತದೆ.

ಸರ್ಕಲ್‌ಗಳು ಒಂದರ ಹಿಂದೊಂದು ಎಡೆಬಿಡದೆ ಬರುವ ಸ್ಟ್ರೀಮ್ ಬಗ್ಗೆ ಇಷ್ಟೇ. 180 ಬಿ.ಪಿ.ಎಂ., ಅಂದರೆ ನಿಮಿಷಕ್ಕೆ 180 ಬೀಟ್ ಇರುವ, ಹಾಡಿನಲ್ಲಿ ಒಂದು ಬೀಟ್‌ಗೆ ನಾಲ್ಕು ಸರ್ಕಲ್ ಅಂದರೆ ಸೆಕೆಂಡಿಗೆ 12. ಎರಡು ಬೆರಳಿಗೆ ಹಂಚಿದರೆ ಒಂದೊಂದಕ್ಕೆ ಆರು. ಅಷ್ಟು ವೇಗ ನಿನ್ನ ಬೆರಳಿಗೆ ಈಗಲೇ ಇದೆ. ಇಲ್ಲದ್ದು ಸಮ. ಝಡ್ ಒತ್ತುವ ಬೆರಳು ಸರಿಯಾಗಿದೆ, ಎಕ್ಸ್ ಒತ್ತುವ ಬೆರಳು ಅದರ ಹಿಂದೆಯೇ ಓಡಿ ಬಂದುಬಿಡುತ್ತದೆ. 130, 140ರ ಹಾಡಿನಲ್ಲಿ ಸಮ ಮಾಡಿಕೋ, ಆಮೇಲೆ ಹತ್ತು ಹತ್ತು ಏರಿಸು. ಮೊಣಕೈ ಬಿಗಿ ಮಾಡಿ ಇಡೀ ತೋಳು ನಡುಗಿಸಿ ಒತ್ತಿದರೆ ವೇಗ ಬಂದ ಹಾಗೆ ಕಾಣುತ್ತದೆ, ಹಾಡಿನ ಅರ್ಧಕ್ಕೆ ಕೈ ಸೋತುಹೋಗುತ್ತದೆ. ಮಣಿಕಟ್ಟಿನಲ್ಲಿ ನೋವು ಅಥವಾ ಬೆರಳಲ್ಲಿ ಜೋಮು ಬಂದರೆ ಅವತ್ತಿಗೆ ಆಟ ಮುಗಿಯಿತು. ಈ ಮಾತಿನಲ್ಲಿ ಚೌಕಾಶಿ ಇಲ್ಲ. ಪರೀಕ್ಷೆ ಬರೆಯುವ ಕೈ ಅದು. ಬಾಗಲಕೋಟೆ ಬೇಸಿಗೆಯಲ್ಲಿ ಬೆರಳು ಬೆವರಿ ಕೀ ಮೇಲೆ ಜಾರುತ್ತವೆ, ಪಕ್ಕದಲ್ಲಿ ಒಂದು ಕರವಸ್ತ್ರ ಇಟ್ಟುಕೋ.

ನಿಮ್ಮ ಅವ್ವ ಫೋನ್ ಮಾಡಿದ್ದಳು. ಆಟಕ್ಕಿಂತ ಆಕೆಗೆ ಸಿಟ್ಟು ರಾತ್ರಿ ಹನ್ನೊಂದಕ್ಕೆ ಕೇಳುವ ಆ ಟಕಟಕ ಸದ್ದಿನ ಮೇಲೆ. ನಿಮ್ಮ ನವನಗರದ ಮನೆಯ ಗೋಡೆಯಾಚೆ ಆ ಸದ್ದು ಎಷ್ಟು ಕೇಳುತ್ತದೆ ಅಂತ ನನಗೆ ಗೊತ್ತು, ನಾನೂ ಅಲ್ಲಿ ಮಲಗಿದವನೇ. ದುಡ್ಡು ಖರ್ಚಾಗುತ್ತಿದೆಯಾ ಅಂತಲೂ ಕೇಳಿದಳು. ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಬಿಟ್ಟ ಆಟ, ಇವತ್ತಿಗೂ ಪುಕ್ಕಟೆ ಅಂತ ಹೇಳಿ ಸಮಾಧಾನ ಮಾಡಿದೆ. ನೀನು ರಾತ್ರಿಯ ಬದಲು ಕಾಲೇಜಿನಿಂದ ಬಂದ ಮೇಲೆ ಮುಕ್ಕಾಲು ಗಂಟೆ ಆಡು. ಅವ್ವನ ಮಾತಿಗಾಗಿ ಮಾತ್ರ ಹೇಳುತ್ತಿಲ್ಲ. ಸುಸ್ತಾದ ಬೆರಳು ತಪ್ಪು ತಾಳವನ್ನೇ ಕಲಿಯುತ್ತದೆ. ನಿದ್ದೆ ಸರಿಯಾಗಿ ಆದರೆ ನಿನ್ನೆ ಆಗದ ಸ್ಟ್ರೀಮ್ ಇವತ್ತು ತಾನಾಗಿ ಬರುವುದುಂಟು.

ಮುಂದಿನ ಸಲ ರಿಪ್ಲೇ ಕಳಿಸುವಾಗ ಕೊನೆಯಲ್ಲಿ ಬರುವ ರಿಸಲ್ಟ್ ಸ್ಕ್ರೀನಿನ ಫೋಟೋ ಕೂಡ ಕಳಿಸು, ಸರಾಸರಿ ಮತ್ತು ಅನ್‌ಸ್ಟೇಬಲ್ ರೇಟ್ ಕಾಣುವ ಹಾಗೆ. ಎರಡು ಸ್ಟಾರಿನ ‘ಹಿಡನ್’ ಮ್ಯಾಪ್ ಒಂದು, ನಾಲ್ಕು ಸ್ಟಾರಿನದು ಒಂದು. ರಜೆಗೆ ಬಂದಾಗ ನನ್ನ ಹಳೆಯ ಕೀಬೋರ್ಡ್ ಒಯ್ಯಿ, ಕಪಾಟಿನಲ್ಲಿ ಸುಮ್ನೆ ಬಿದ್ದಿದೆ. ಸದ್ದು ಕಡಿಮೆ. ಎಕ್ಸ್ ಕೀ ಸ್ವಲ್ಪ ಗಟ್ಟಿ ಇದೆ, ಎರಡು ದಿನ ಒತ್ತಿದರೆ ಹೊಂದಿಕೊಳ್ಳುತ್ತದೆ.

ಇಂತಿ ನಿನ್ನ
ಮಾಮಾ