ಅಪ್ಪನಿಗೆ, ಒಂದು ವರ್ಷ ಜಾಸ್ತಿ ಯಾಕೆ ಅಂತ

ಬರ್ಮಿಂಗ್‌ಹ್ಯಾಮ್
18 ಜುಲೈ 2021

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನು ಇಲ್ಲಿ ಕ್ಷೇಮ. ಸೋಮವಾರಪೇಟೆ ಕಡೆ ಮಳೆ ಹಿಡಿದಿದೆ, ಮನೆಯಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಬೇಕಾದರೆ ಗೇಟಿನವರೆಗೆ ನಡೆಯಬೇಕು ಅಂತ ತಮ್ಮ ಹೇಳಿದ. ಅದಕ್ಕೇ ಈ ಕಾಗದ. ಅವನಿಗೆ ಮೇಲ್ ಮಾಡುತ್ತೇನೆ, ಪೇಟೆಯಲ್ಲಿ ಪ್ರಿಂಟ್ ತೆಗೆಸಿ ನಿಮ್ಮ ಕೈಗೆ ಕೊಡುತ್ತಾನೆ. ನಿಜ ಹೇಳಬೇಕೆಂದರೆ ನೆಟ್‌ವರ್ಕ್ ಚೆನ್ನಾಗಿದ್ದಿದ್ದರೂ ಇದನ್ನು ಫೋನಿನಲ್ಲಿ ಹೇಳಲು ನನಗೆ ಆಗುತ್ತಿರಲಿಲ್ಲ.

ಹೋದ ಭಾನುವಾರ "ನನ್ನ ಸರ್ಜರಿ ಟ್ರೈನಿಂಗಿನ ಈ ಹಂತ ಮುಗಿಯಲು ಇನ್ನೂ ಒಂದು ವರ್ಷ ಆಗುತ್ತದೆ ಅಪ್ಪ" ಅಂದೆ. ನೀವು "ಆಯ್ತು" ಅಂದು ಫೋನನ್ನು ಅಮ್ಮನಿಗೆ ಕೊಟ್ಟಿರಿ. ನಿಮ್ಮ "ಆಯ್ತು" ನನಗೆ ಗೊತ್ತು. ಕಾಫಿ ರೇಟು ಬಿದ್ದಾಗಲೂ ಅದನ್ನೇ ಹೇಳುತ್ತೀರಿ. ಮಾರನೇ ದಿನ ಅಮ್ಮ ಹೇಳಿದಳು, ರಾತ್ರಿ ಊಟಕ್ಕೆ ಕೂತಾಗ "ಅವಳು ಫೇಲಾದಳಾ?" ಅಂತ ಕೇಳಿದಿರಂತೆ.

ಫೇಲಾಗಿಲ್ಲ ಅಪ್ಪ.

ಇಲ್ಲಿ ಕಲಿಯುವ ಡಾಕ್ಟರ್‌ಗಳ ವರ್ಷದ ಲೆಕ್ಕವನ್ನು ಒಂದು ಪ್ಯಾನೆಲ್ ನೋಡುತ್ತದೆ. ಎಷ್ಟು ಕೇಸ್ ನೋಡಿದೆ, ಎಷ್ಟರಲ್ಲಿ ಕೈ ಹಾಕಿದೆ, ಎಷ್ಟನ್ನು ಸ್ವಂತ ಮಾಡಿದೆ, ಎಲ್ಲವೂ ಲಾಗ್‌ಬುಕ್‌ನಲ್ಲಿ ಇರಬೇಕು. ಕೊನೆಗೆ ಒಂದು ನಂಬರ್ ಕೊಡುತ್ತಾರೆ. 1 ಬಂದರೆ ಎಲ್ಲ ಸರಿ ಅಂತ. 10 ಅನ್ನುವ ನಂಬರ್ ಮೊದಲು ಇರಲೇ ಇಲ್ಲ, ಕೊರೊನಾ ಬಂದ ಮೇಲೆ ಹುಟ್ಟಿದ್ದು. ಇವಳ ತಪ್ಪಿಲ್ಲ, ಕಾಯಿಲೆ ಬಂದು ಕಲಿಕೆ ನಿಂತಿತು ಅಂತ ಅದರ ಅರ್ಥ. ಅದರಲ್ಲೂ ಎರಡು ಬಗೆ. 10.1 ಅಂದರೆ ಮುಂದೆ ಹೋಗು, ಉಳಿದದ್ದನ್ನು ಹೋಗ್ತಾ ಕಲಿ. 10.2 ಅಂದರೆ ಇಲ್ಲೇ ಇನ್ನಷ್ಟು ದಿನ ಇರು. ನನ್ನದು 10.2. ಕಾಗದದ ಮೇಲೆ ಆರೇ ತಿಂಗಳು. ಆದರೆ ಮುಂದಿನ ಹಂತಕ್ಕೆ ಸೇರಿಸಿಕೊಳ್ಳುವುದು ವರ್ಷಕ್ಕೊಂದು ಸಲ, ಹಾಗಾಗಿ ನಮ್ಮ ಲೆಕ್ಕಕ್ಕೆ ಒಂದು ವರ್ಷ.

ಹೀಗಾಗಿದ್ದು ಹೇಗೆ ಅಂತ ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ಮಾರ್ಚ್ 19ಕ್ಕೆ ನಮ್ಮ ಜಿಲ್ಲೆಯ ಮೊದಲ ಕೇಸ್ ಬಂದಾಗ ನೀವೇ ಫೋನ್ ಮಾಡಿದ್ದಿರಿ. ದುಬೈಯಿಂದ ಬಂದವರಂತೆ, ಕೊಂಡಂಗೇರಿ ಬಂದ್ ಮಾಡಿದ್ದಾರಂತೆ, ನೀನು ಹುಷಾರು ಅಂದಿರಿ. ಕೇರಳದ ಕಡೆಯಿಂದ ಯಾರೂ ಬರದಂತೆ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದದ್ದೂ ಅದೇ ತಿಂಗಳು ಅಲ್ವಾ? ಇಲ್ಲಿ ಅಷ್ಟರಲ್ಲಿ ಎಲ್ಲ ಆಸ್ಪತ್ರೆಗಳಿಗೂ ಪತ್ರ ಬಂದಿತ್ತು. ತುರ್ತಲ್ಲದ ಆಪರೇಷನ್ ಎಲ್ಲವನ್ನೂ ಏಪ್ರಿಲ್ 15ರ ಒಳಗೆ ನಿಲ್ಲಿಸಿ, ಕಡಿಮೆ ಅಂದರೂ ಮೂರು ತಿಂಗಳು ಮಾಡಬೇಡಿ ಅಂತ. ನಮ್ಮಲ್ಲಿ ಅಷ್ಟು ದಿನವೂ ಕಾಯಲಿಲ್ಲ. ಆಪರೇಷನ್ ಥಿಯೇಟರ್ ಬೋರ್ಡಿನ ಮೇಲಿದ್ದ ಹೆಸರುಗಳನ್ನು ಒಂದೇ ಬೆಳಿಗ್ಗೆ ಒರೆಸಿಬಿಟ್ಟರು.

ಒರೆಸಿದ್ದು ಏನನ್ನು ಗೊತ್ತಾ? ಹರ್ನಿಯಾ, ಪಿತ್ತಕೋಶದ ಕಲ್ಲು, ಕೊಬ್ಬಿನ ಗಂಟು. ನನ್ನಂಥವರು ಕೈ ಪಳಗಿಸಿಕೊಳ್ಳುವುದೇ ಇವುಗಳಲ್ಲಿ. ಉಳಿದದ್ದು ಕ್ಯಾನ್ಸರ್ ಮತ್ತು ಎಮರ್ಜೆನ್ಸಿ. ಅಲ್ಲಿ ದೊಡ್ಡ ಡಾಕ್ಟರೇ ಕತ್ತಿ ಹಿಡಿಯುತ್ತಾರೆ. ಬೇಗ ಮುಗಿಯಬೇಕು, ರೂಮಿನಲ್ಲಿ ಜನ ಕಡಿಮೆ ಇರಬೇಕು. ಕಲಿಯುವವಳು ಬಾಗಿಲ ಹೊರಗೆ.

ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆಪರೇಷನ್ ಸಮಯದಲ್ಲಿ ಕೊರೊನಾ ತಗುಲಿದ್ದ 1,128 ರೋಗಿಗಳ ಲೆಕ್ಕ ಹೋದ ವರ್ಷದ ಮೇ ತಿಂಗಳಲ್ಲಿ ಬಂತು, 24 ದೇಶಗಳದ್ದು. 30 ದಿನದ ಒಳಗೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ತೀರಿಕೊಂಡಿದ್ದರು. ಅದನ್ನು ಓದಿದ ಮೇಲೆ ಯಾರಿಗೆ ತಾನೇ ಹರ್ನಿಯಾ ಮಾಡುವ ಧೈರ್ಯ ಬರುತ್ತದೆ? ಈ ಊರಿನ ಯೂನಿವರ್ಸಿಟಿಯವರೇ ಇನ್ನೊಂದು ಅಂದಾಜು ಮಾಡಿದರು. ಕಾಯಿಲೆ ಜೋರಾಗಿರುವ 12 ವಾರಗಳಲ್ಲಿ ಪ್ರಪಂಚದಲ್ಲಿ ಸುಮಾರು 2 ಕೋಟಿ 80 ಲಕ್ಷ ಆಪರೇಷನ್ ರದ್ದಾಗುತ್ತವೆ, ಇಲ್ಲವೇ ಮುಂದಕ್ಕೆ ಹೋಗುತ್ತವೆ ಅಂತ. ಅದರಲ್ಲಿ ನಿಮ್ಮದೂ ಒಂದು. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನನ್ನು ಐಸಿಯುಗೆ ಹಾಕಿದರು. ಎರಡು ತಿಂಗಳು ನಾನು ಸರ್ಜನ್ ಅಲ್ಲ, ರೋಗಿಗಳನ್ನು ಮಗುಚುವ ಆಳು. ಶ್ವಾಸಕೋಶ ಪೂರ್ತಿ ಕೆಟ್ಟವರನ್ನು ವೆಂಟಿಲೇಟರ್ ಸಮೇತ ಹೊಟ್ಟೆಯ ಮೇಲೆ ಮಲಗಿಸಬೇಕು. ದಿನಕ್ಕೆ 16 ಗಂಟೆ ಹಾಗೇ. ಆಮೇಲೆ ಮತ್ತೆ ಅಂಗಾತ. ಒಬ್ಬರನ್ನು ತಿರುಗಿಸಲು ಏಳು ಜನ. ತಲೆಯ ಹತ್ತಿರ ಅರಿವಳಿಕೆ ಡಾಕ್ಟರ್ ಬಾಯಿಯ ಟ್ಯೂಬ್ ಹಿಡಿದು ಒಂದು, ಎರಡು, ಮೂರು ಅನ್ನುತ್ತಾರೆ. ನಾವು ಆರು ಜನ ಒಟ್ಟಿಗೆ. ಟ್ಯೂಬ್ ಕಳಚಿದರೆ ಮುಗಿಯಿತು. ಲಾರಿಗೆ ಕಾಫಿ ಮೂಟೆ ಹಾಕುವಾಗ ಇಬ್ಬರು ಕಣ್ಣಲ್ಲೇ ಮಾತಾಡಿಕೊಂಡು ಎತ್ತುತ್ತಾರಲ್ಲ, ಹಾಗೆ. ಮಾಸ್ಕು, ಕನ್ನಡಕ, ಮುಖದ ಶೀಲ್ಡು, ಮಾತು ಯಾರಿಗೂ ಕೇಳುವುದಿಲ್ಲ. ಮೂಳೆ ಡಾಕ್ಟರ್‌ಗಳು ಬಲವಾಗಿದ್ದರು ಅಂತ ಅವರಿಗೆ ಸೊಂಟದ ಕಡೆ ಕೊಡುತ್ತಿದ್ದೆವು.

ಒಂದು ರಾತ್ರಿ ಪಂಜಾಬಿ ಅಜ್ಜ ಒಬ್ಬರಿಗೆ ಟ್ಯೂಬ್ ಹಾಕುವ ಮೊದಲು ನನ್ನ ಹರಕು ಹಿಂದಿಯಲ್ಲಿ ಮನೆಯವರಿಗೆ ವಿಡಿಯೊ ಕಾಲ್ ಮಾಡಿಸಿದೆ. ಅವರು ಮಗನಿಗೆ ಹೇಳಿದ್ದು ಗದ್ದೆಯ ವಿಚಾರ. ಯಾವ ಮೂಲೆಯದ್ದೋ ನೀರಿನ ಜಗಳ. ಅವರು ಉಳಿಯಲಿಲ್ಲ. ಇದನ್ನು ಆಗ ನಿಮಗೆ ಹೇಳಿರಲಿಲ್ಲ.

ಗುರುವಾರ ರಾತ್ರಿ ಎಂಟಕ್ಕೆ ಬೀದಿಯವರೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮುಜುಗರ. ಇದೇ ಊರಿನ ದೊಡ್ಡ ಎಕ್ಸಿಬಿಷನ್ ಹಾಲಿನಲ್ಲಿ ಒಂದು ಆಸ್ಪತ್ರೆಯನ್ನೂ ಕಟ್ಟಿದರು. ಅಲ್ಲಿ ಒಬ್ಬ ರೋಗಿಯನ್ನೂ ಮಲಗಿಸಲಿಲ್ಲ.

ಮತ್ತೆ ಸರ್ಜರಿಗೆ ಬಂದಾಗ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಮೊದಲು ದಿನಕ್ಕೆ ಆರು ಕೇಸ್ ಆಗುತ್ತಿದ್ದ ಥಿಯೇಟರಿನಲ್ಲಿ ಮೂರಾದರೆ ಪುಣ್ಯ. ಟ್ಯೂಬ್ ಹಾಕಿದ ಮೇಲೆ ರೂಮಿನ ಗಾಳಿ ಬದಲಾಗುವವರೆಗೆ ಕಾಯಬೇಕು, ತೆಗೆದ ಮೇಲೂ ಕಾಯಬೇಕು. ಗೌನ್ ಹಾಕುವುದು, ಬಿಚ್ಚುವುದು. ಇಷ್ಟರ ನಡುವೆ "ಬಾ, ನೀನು ಮಾಡು" ಅನ್ನಲು ಯಾರಿಗೆ ಪುರುಸೊತ್ತು? ನಾನು ಮಾಡಿದರೆ ದೊಡ್ಡ ಡಾಕ್ಟರಿಗಿಂತ ಡಬಲ್ ಟೈಮ್ ಬೇಕು. ಸುಲಭದ ಹರ್ನಿಯಾಗಳನ್ನೆಲ್ಲ ಪ್ರೈವೇಟ್ ಆಸ್ಪತ್ರೆಗಳಿಗೆ ಕಳಿಸಿದರು. ಅಲ್ಲಿಗೆ ನಮಗೆ ಪ್ರವೇಶವಿಲ್ಲ. ಹೊಟ್ಟೆಯೊಳಗೆ ಗ್ಯಾಸ್ ತುಂಬಿ ಕ್ಯಾಮೆರಾ ಹಾಕಿದರೆ ಆ ಗ್ಯಾಸಿನಲ್ಲಿ ವೈರಸ್ ಬರಬಹುದು ಅನ್ನುವ ಭಯ ಬೇರೆ. ಹಾಗಾಗಿ ಕೆಲವು ತಿಂಗಳು ಅಪೆಂಡಿಕ್ಸನ್ನು ಹಳೇ ಕಾಲದಂತೆ ಹೊಟ್ಟೆ ಕೊಯ್ದು ತೆಗೆದರು, ಇಲ್ಲವೇ ಬರೀ ಆ್ಯಂಟಿಬಯಾಟಿಕ್ ಕೊಟ್ಟು ಕಾದರು. ಹಳೇ ರೀತಿ ನೋಡಲು ಸಿಕ್ಕಿತಲ್ಲ, ಅದೊಂದು ಲಾಭ.

ನಾನೂ ಸುಮ್ನೆ ಕೂರಲಿಲ್ಲ. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಮೊಬೈಲ್ ಇಟ್ಟು, ಉದ್ದದ ಇಕ್ಕಳದಲ್ಲಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕಾಳು ಹಾಕುತ್ತಿದ್ದೆ. ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ. ಬಾಗಿಲ ಹಿಡಿಗೆ ಗಂಟು. ಮಾಂಸದ ಅಂಗಡಿಯಿಂದ ಹಂದಿ ಕಾಲು ತಂದು ಅದರ ಮೇಲೂ ಹೊಲಿದೆ. ಅದನ್ನು ಆಮೇಲೆ ಸಾರು ಮಾಡಿದೆಯಾ ಅಂತ ಅಮ್ಮ ಕೇಳುತ್ತಾಳೆ, ಇಲ್ಲ ಅನ್ನಿ. ಅದಕ್ಕೆ ಹಾಕುವ ನಮ್ಮ ಹುಳಿ, ಕಾಚಂಪುಳಿ, ಮುಗಿದಿತ್ತು.

ಆದರೆ ಸಿಪ್ಪೆಯಿಂದ ರಕ್ತ ಬರುವುದಿಲ್ಲ. ಈ ಫೆಬ್ರವರಿಯಲ್ಲಿ, ನಾಲ್ಕು ತಿಂಗಳಾದ ಮೇಲೆ, ಒಂದು ಹರ್ನಿಯಾದಲ್ಲಿ ನನ್ನ ಕೈಗೆ ಕತ್ತಿ ಬಂತು. ಚರ್ಮ, ಕೊಬ್ಬು, ಅದರ ಕೆಳಗಿನ ಬಿಳಿ ಪದರ, ಎಲ್ಲ ಸರಿಯಾಗಿಯೇ ಹೋಯಿತು. ಪದರ ಬಿಡಿಸಿದ ಕೂಡಲೇ ಒಂದು ಸಣ್ಣ ನರ ಸಿಗುತ್ತದೆ, ಅದನ್ನು ನೋಡಿ ಪಕ್ಕಕ್ಕೆ ಇಡಬೇಕು. ನನಗೆ ಅದು ಕಾಣಲಿಲ್ಲ. ಪುಸ್ತಕದಲ್ಲಿ ನೂರು ಸಲ ನೋಡಿದ ನರ. ಕೈ ನಿಂತುಬಿಟ್ಟಿತು. ದೊಡ್ಡ ಡಾಕ್ಟರು ಬೈಯಲಿಲ್ಲ. ನನ್ನ ಕೈಯಿಂದ ಕತ್ತರಿ ತಗೊಂಡು ಎರಡು ನಿಮಿಷದಲ್ಲಿ ತೋರಿಸಿ, ಮುಂದಿನದನ್ನು ತಾವೇ ಮಾಡಿದರು. ರೋಗಿಗೆ ಏನೂ ಆಗಲಿಲ್ಲ. ಲಾಗ್‌ಬುಕ್‌ನಲ್ಲಿ "ಸಹಾಯ ಮಾಡಿದೆ" ಅಂತ ಬರೆದುಕೊಂಡೆ.

ಈಗ ನಿಮಗೆ ಹೇಳಬೇಕಾದ ಮಾತು. ಜೂನ್‌ನಲ್ಲಿ ಪ್ಯಾನೆಲ್ ಕೂತಾಗ "ನಿನಗೆ ಏನನ್ನಿಸುತ್ತದೆ?" ಅಂತ ನನ್ನನ್ನೇ ಕೇಳಿದರು. ಕಾಗದ ಜೋಡಿಸಿ ವಾದ ಮಾಡಿದ್ದರೆ ಹೇಗೋ ದಾಟಿಬಿಡಬಹುದಿತ್ತು. ಜೊತೆಯವರು ಕೆಲವರು ಹಾಗೆ ದಾಟಿದರು, ಅವರ ಕೈ ಅವರಿಗೆ ಗೊತ್ತು. ನನಗೆ ಮಾತ್ರ ಹೋದ ವರ್ಷ ನಮ್ಮ ಕಾಫಿ ಗಿಡಗಳ ರೆಕ್ಕೆ ಕೊಂಬೆ ಸವರಿದ ಕಸಿ ಕೆಲಸ ನೆನಪಾಯಿತು. ಲಾಕ್‌ಡೌನ್‌ನಲ್ಲಿ ಹಳೇ ಆಳುಗಳು ಬರಲಿಲ್ಲ. ಹೊಸಬರ ಕೈಗೆ ಕಸಿ ಕತ್ತರಿ ಕೊಟ್ಟಿರಿ. ಕಾಯಿ ಹಿಡಿಯುವ ರೆಕ್ಕೆಯನ್ನೇ ತೆಗೆದರು ಅಂತ ಫೋನಿನಲ್ಲಿ ಎಷ್ಟು ಒದ್ದಾಡಿದಿರಿ. ಕೊನೆಗೆ ಹೇಳಿದಿರಿ, "ಹುಡುಗರು ಕೆಟ್ಟವರಲ್ಲ, ಇನ್ನೂ ಎರಡು ಕಸಿ ಪಕ್ಕದಲ್ಲಿ ನಿಂತು ನೋಡಬೇಕು" ಅಂತ. ಪ್ಯಾನೆಲ್‌ಗೆ ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. 10.2 ನಾನೇ ಕೇಳಿ ತಗೊಂಡದ್ದು ಅಪ್ಪ.

ಊರಲ್ಲಿ ಏನು ಹೇಳುವುದು ಅಂತ ನಿಮಗೆ ಚಿಂತೆ ಇರಬಹುದು. ಅಲ್ಲೂ ಇದೇ ಕಥೆ ಅಂತ ಹೇಳಿ. ಚಿಕ್ಕಪ್ಪನ ಮಗ ನಮ್ಮ ಪುಟ್ಟುವನ್ನೇ ನೋಡಿ, ಮೈಸೂರಲ್ಲಿ ಎಂಎಸ್ ಎರಡನೇ ವರ್ಷ. ಏಪ್ರಿಲ್ 18ಕ್ಕೆ ಇದ್ದ ನೀಟ್ ಪಿಜಿ ಪ್ರವೇಶ ಪರೀಕ್ಷೆ ಮುಂದಕ್ಕೆ ಹೋಗಿ, ಮೊನ್ನೆ ಸೆಪ್ಟೆಂಬರ್ 11 ಅಂತ ಹೇಳಿದ್ದಾರೆ. ಅಂದರೆ ಹೊಸ ಫಸ್ಟ್ ಇಯರ್ ಬಂದಿಲ್ಲ. ಅವರ ಕೆಲಸ, ತನ್ನ ಕೆಲಸ, ಮೇಲೆ ಕೋವಿಡ್ ವಾರ್ಡ್, ಮೂರೂ ಇವನ ತಲೆಗೆ. "ಅಕ್ಕ, ನಾನು ತೆಗೆದ ಅಪೆಂಡಿಕ್ಸ್‌ಗಿಂತ ಸ್ವಾಬ್ ಜಾಸ್ತಿ" ಅಂತಾನೆ. ನಗುತ್ತಲೇ ಹೇಳಿದ. ಆದರೂ ಚಿಕ್ಕಪ್ಪನಿಗೆ ಹೇಳಿ, ಅವನಿಗೆ ವಾರಕ್ಕೊಂದು ಸಲ ಫೋನ್ ಮಾಡಲಿ, ಮಾರ್ಕ್ಸ್ ಕೇಳದೆ.

ನಾನು ಬರುವ ವಿಷಯ. ಏಪ್ರಿಲ್ 23ರಿಂದ ಇಂಡಿಯಾ ಇಲ್ಲಿಯ ಕೆಂಪು ಪಟ್ಟಿಯಲ್ಲಿದೆ. ಬಂದು ವಾಪಸಾದರೆ ಹೋಟೆಲ್‌ನಲ್ಲಿ ಹತ್ತು ದಿನ, 1,750 ಪೌಂಡ್ ನನ್ನದೇ ಖರ್ಚು. ಅಷ್ಟು ರಜೆಯೂ ಇಲ್ಲ, ದುಡ್ಡೂ ಇಲ್ಲ. ನಮ್ಮ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ನನ್ನ ಪಾಲಿನದ್ದೂ ಕುಡಿಯಿರಿ. ಅದನ್ನು ಕುಡಿದ ಮಾರನೇ ದಿನ ಮೂತ್ರ ಕೆಂಪಾಗುತ್ತದೆ ಅಂತ ಇಲ್ಲಿ ಒಬ್ಬರಿಗೆ ಹೇಳಿದೆ. ತಕ್ಷಣ ಟೆಸ್ಟ್ ಮಾಡಿಸು ಅಂದರು.

ಇನ್ನು ನಿಮ್ಮ ಹರ್ನಿಯಾ. 2020ರ ಏಪ್ರಿಲ್‌ನಲ್ಲಿ ಆಗಬೇಕಿದ್ದದ್ದು, ಬೆಲ್ಟ್ ಕಟ್ಟಿಕೊಂಡೇ ಹದಿನೈದು ತಿಂಗಳು ತಳ್ಳಿದ್ದೀರಿ. ಇಲ್ಲಿಯೂ 53 ಲಕ್ಷ ಜನ ಚಿಕಿತ್ಸೆಗೆ ಕಾಯುತ್ತಿದ್ದಾರೆ. ಅವರ ಬಗ್ಗೆ ನಾನೇನೂ ಮಾಡಲಾರೆ, ನಿಮ್ಮನ್ನಾದರೂ ಬೈಯಬಹುದು. ಮಳೆ ಬಿಟ್ಟ ಕೂಡಲೇ, ಕೊಯ್ಲು ಶುರುವಾಗುವ ಮೊದಲು, ಮೈಸೂರಿಗೆ ಹೋಗಿ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಮೂಟೆ ಮುಟ್ಟಬೇಡಿ. ಗಡ್ಡೆ ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ನೋವು ಬಂದು ವಾಂತಿಯಾದರೆ, ಮಳೆ ಅಂತ ನೋಡದೆ ಜೀಪ್ ತೆಗೆಸಿ ಆಸ್ಪತ್ರೆಗೆ ಹೊರಡಿ.

ಮೈಸೂರಲ್ಲಿ ದೊಡ್ಡ ಡಾಕ್ಟರ ಪಕ್ಕದಲ್ಲಿ ಪುಟ್ಟು ನಿಂತಿರುತ್ತಾನೆ. ಅವರು ನಿಮ್ಮನ್ನು, "ಒಂದೆರಡು ಹೊಲಿಗೆ ಈ ಹುಡುಗ ಹಾಕಲಾ?" ಅಂತ ಕೇಳಬಹುದು. ಆಗಲೂ "ಆಯ್ತು" ಅನ್ನಿ.

ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರ. ತಮ್ಮನಿಗೆ ಪ್ರಿಂಟ್‌ನ ದುಡ್ಡು ಕೊಡಬೇಡಿ, ನಾನು ಕಳಿಸಿದ್ದೇನೆ.

ನಿಮ್ಮ ಮಗಳು